ಅಣ್ಣನ ವ್ಯಾನು, ತಮ್ಮನ ಟ್ರೇಲರು

1976ರ ಜೂನ್ ತಿಂಗಳ ಒಂದು ಶನಿವಾರ, ಲೊಂಬಾರ್ಡಿನ ಕೇಶವನ ಮನೆಯ ಡ್ರೈವ್‌ವೇಯಲ್ಲಿ ಅವನ ತಮ್ಮ ಕೊಂಡ ಟ್ರೇಲರ್ ಬಂದು ನಿಂತಿತು. ಬಿಳಿಯ ಮೈ, ನಡುವಿಗೆ ಹಸಿರು ಪಟ್ಟೆ, ಕಿಟಕಿಗೆ ಹೂವಿನ ಪರದೆ. ಒಳಗೆ ಎರಡು ಉರಿಯ ಗ್ಯಾಸ್ ಒಲೆ, ಪುಟ್ಟ ಸಿಂಕು, ಇಬ್ಬರು ಮಲಗುವಷ್ಟು ಹಾಸಿಗೆ. ಡೀಲರನ ಲಾರಿ ಅದನ್ನು ಬಿಟ್ಟು ಹೋಯಿತು. ಪಕ್ಕದಲ್ಲೇ ನಿಂತಿದ್ದ ಕೇಶವನ ವ್ಯಾನು ಅಷ್ಟು ಹೊತ್ತಿಗೇ ಹಳೆಯದಾಗಿ ಕಂಡಿತು.

ಆ ವ್ಯಾನಿನ ಒಳಗನ್ನು ಕೇಶವ ಎರಡು ಚಳಿಗಾಲ ಗರಾಜಿನಲ್ಲಿ ಕೂತು ತಾನೇ ಕಟ್ಟಿದ್ದ. ಗೋಡೆಗೆ ಬೀರು, ಮಡಿಸುವ ಮಂಚ, ಊಟದ ಹಲಗೆ. ಹೆಂಡತಿ ಇಂದುಮತಿ ದಿಂಬಿನ ಚೀಲಗಳನ್ನು ಹೊಲಿದಿದ್ದಳು. ಹೋದ ಬೇಸಿಗೆಯಲ್ಲಿ ಮಗಳು ಛಾಯಾಳನ್ನು ಕರೆದುಕೊಂಡು ಅದರಲ್ಲಿ ವಿಸ್ಕಾನ್ಸಿನ್ ಸುತ್ತಿ ಬಂದಾಗ ಕನ್ನಡದವರ ಮನೆಗಳಲ್ಲೆಲ್ಲ ಅದೇ ಮಾತು. ‘ನಮ್ಮ ಕೇಶವ ವ್ಯಾನಲ್ಲೇ ಮನೆ ಕಟ್ಟಿದಾನೆ’ ಎಂದು ಜನ ಬಗ್ಗಿ ಬಗ್ಗಿ ನೋಡಿದ್ದರು.

ಏಪ್ರಿಲ್‌ನಲ್ಲಿ ಮೈಸೂರಿನಿಂದ ಬಂದಿದ್ದ ತಾಯಿ ಗಂಗಮ್ಮ ಈಗ ಚಪ್ಪಲಿ ಬಿಟ್ಟು ಟ್ರೇಲರಿನ ಮೆಟ್ಟಿಲ ಹತ್ತಿರ ನಿಂತರು.

“ಒಲೆ ಹೊಸದೇನೋ ಪುಟ್ಟಾ?”

ಪುಟ್ಟ ಎಂದರೆ ಉಪೇಂದ್ರ. ಮೂವತ್ತಮೂರು ವರ್ಷದ ಡಾಕ್ಟರು. “ಹೊಸದಮ್ಮ. ಒಂದ್ಸಲಾನೂ ಹಚ್ಚಿಲ್ಲ.”

“ಮೊಟ್ಟೆ ಗಿಟ್ಟೆ?”

“ನೀರೂ ಕಾಯ್ಸಿಲ್ಲ.”

ಗಂಗಮ್ಮ ಒಳಗೆ ಹೋಗಿ ಒಲೆಯ ಮೇಲೆ ಕೈಯಾಡಿಸಿದರು. ಸಿಂಕಿನ ನಲ್ಲಿ ತಿರುಗಿಸಿದರು. “ಇದಪ್ಪಾ ಅಡುಗೆಮನೆ ಅಂದ್ರೆ” ಎಂದರು.

ಹೊರಗೆ ಉಪೇಂದ್ರ ಅಣ್ಣನ ಹೆಗಲ ಮೇಲೆ ಕೈ ಹಾಕಿದ. “ಜುಲೈನಲ್ಲಿ ಎಲ್ಲರೂ ಡೆಟ್ರಾಯಿಟ್‌ಗೆ, ಪದ್ಮಕ್ಕನ ಮನೆಗೆ ಹೋಗೋಣ. ದಾರೀಲಿ ಲೇಕ್ ಹತ್ರ ಕ್ಯಾಂಪ್ ಮಾಡೋಣ. ನನ್ನ ಕಾರು ಇದನ್ನ ಎಳೆಯಲ್ಲ. ನಿನ್ನ ವ್ಯಾನ್ ಎಳೆಯುತ್ತೆ ಅಲ್ವಾ ಅಣ್ಣ?”

“ತಗೊಳ್ಳೋಕೆ ಮುಂಚೆ ಕೇಳ್ಬೇಕಾಗಿತ್ತು.”

“ಸರ್‌ಪ್ರೈಸ್ ಇರ್ಲಿ ಅಂತ.”

ಕಿಟಕಿಯ ಪರದೆ ಸರಿಸಿ ಗಂಗಮ್ಮ ನಕ್ಕರು. “ಹಾಗಾದ್ರೆ ನಿಂದು ಎತ್ತು, ಅವಂದು ಗಾಡಿ ಅನ್ನು!”

ಎಲ್ಲರೂ ನಕ್ಕರು. ಕೇಶವನೂ ನಕ್ಕ, ಸ್ವಲ್ಪ ತಡವಾಗಿ.

ಉಪೇಂದ್ರನಿಗೆ ವುಡ್‌ರಿಡ್ಜ್‌ನಲ್ಲಿ ಹೊಸ ಮನೆ ಏಳುತ್ತಿತ್ತು. ಅದು ಮುಗಿಯುವವರೆಗೆ ಅವನೂ ಅವನ ಹೆಂಡತಿ ನಿರುಪಮಾಳೂ ಅಣ್ಣನ ಮನೆಯ ಬೇಸ್‌ಮೆಂಟಿನಲ್ಲಿ ಇದ್ದರು. ಅವಳೂ ಡಾಕ್ಟರು, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕೆಲಸ. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಇಂದುಮತಿಯ ತಲೆಗೇ. ಅದರ ಬಗ್ಗೆ ಅವಳು ಗೊಣಗಿದವಳಲ್ಲ. ಎಲ್ಲರೂ ತನ್ನ ಕೈ ಅಡುಗೆ ಉಣ್ಣುತ್ತಾರೆಂಬುದೇ ಅವಳ ಯಜಮಾನಿಕೆ.

ಆ ಯಜಮಾನಿಕೆ ಸೋಮವಾರ ಬೆಳಿಗ್ಗೆ ಹೊರಗೆ ನಡೆಯಿತು. ಗಂಗಮ್ಮ ಮಡಿ ಉಟ್ಟು, ತಾವು ತಂದಿದ್ದ ಹಿತ್ತಾಳೆ ಪಾತ್ರೆ ಹಿಡಿದು, ಹಿತ್ತಿಲ ಬಾಗಿಲಿನಿಂದ ಟ್ರೇಲರಿಗೆ ಹೋದರು.

“ಅತ್ತೆ, ಎಲ್ಲಿಗೆ?” ಇಂದುಮತಿ ಕೇಳಿದಳು.

“ಅಲ್ಲೇ ಒಂದಿಷ್ಟು ಅನ್ನ ಸಾರು ಮಾಡ್ಕೋತೀನಿ ಕಣೆ. ನಿನಗೂ ಒಂದು ತೊಂದ್ರೆ ಕಮ್ಮಿ.”

“ನನಗೆಂಥಾ ತೊಂದ್ರೆ? ಎರಡು ತಿಂಗಳಿಂದ ಮಾಡ್ತಿಲ್ವಾ?”

“ಮಾಡ್ತೀಯಮ್ಮ, ಯಾರು ಇಲ್ಲ ಅಂದ್ರು? ಆದ್ರೆ ಆ ಒಲೆ ಮೇಲೆ ಮಗೂಗೆ ಮೊಟ್ಟೆ ಬೇಯಿಸ್ತೀಯ. ನಾನು ಕಣ್ಮುಚ್ಕೊಂಡು ಉಂಡಿದೀನಿ. ದೇವರು ಒಂದು ದಾರಿ ತೋರಿಸಿದಾನೆ.”

ಟ್ರೇಲರಿನ ಕಿಟಕಿಯಿಂದ ಒಗ್ಗರಣೆಯ ಘಮ ಬೀದಿಗೆ ಹರಡಿತು. ಸಂಜೆ ಆಸ್ಪತ್ರೆಯಿಂದ ಬಂದ ಉಪೇಂದ್ರ ಮನೆಯೊಳಕ್ಕೆ ಬರಲೇ ಇಲ್ಲ. ನೇರ ಟ್ರೇಲರ್ ಹತ್ತಿ, ತಾಯಿಯ ಕೈಯ ಮೆಂತ್ಯದ ಗೊಜ್ಜು ಕಲಸಿಕೊಂಡು ಉಂಡ. ನಿರುಪಮಾಳೂ ಅಲ್ಲೇ. ಮೂರನೆಯ ದಿನ ಛಾಯಾಳೂ ತಟ್ಟೆ ಹಿಡಿದು ಹೊರಟಳು. ಅವಳಿಗೆ ಒಂಬತ್ತು ವರ್ಷ.

“ಎಲ್ಲಿಗೆ ಹೋಗ್ತಿ? ನಿನಗೆ ಇಲ್ಲಿ ಮಾಡಿಲ್ವಾ?”

“ಅಜ್ಜಿ ಈಸ್ ಮೇಕಿಂಗ್ ದೋಸೆ, ಮಾಮ್. ಇಟ್ಸ್ ಲೈಕ್ ಅ ಪಿಕ್ನಿಕ್!”

ಊಟದ ಮೇಜಿನಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಆರು ಜನಕ್ಕೆಂದು ಮಾಡಿದ ಹುಳಿ ನಡುವೆ ತಣ್ಣಗಾಗುತ್ತಿತ್ತು.

“ನೋಡಿದ್ರಾ? ನಿಮ್ಮ ತಮ್ಮ ಒಂದು ಗಾಡಿ ತಂದ. ನನ್ನ ಮನೆ ಅರ್ಧ ಖಾಲಿಯಾಯ್ತು.”

“ಒಂದು ತಿಂಗಳು ತಡ್ಕೋ. ಅವರ ಮನೆಗೆ ಅವರು ಹೋಗ್ತಾರೆ.”

“ನಿಮಗೇನೂ ಅನ್ನಿಸಲ್ವಾ?”

ಕೇಶವ ಅನ್ನ ಕಲಸಿದ. ಹೊರಗಿನಿಂದ ತಾಯಿಯ ನಗು ಕೇಳುತ್ತಿತ್ತು. ಈ ಮನೆಗೆ ಬಂದ ಮೇಲೆ ಅಮ್ಮ ಇಷ್ಟು ನಕ್ಕದ್ದು ಅವನಿಗೆ ನೆನಪಿರಲಿಲ್ಲ. ಅವರು ಬಂದ ವಾರವೇ ಅವನು ವ್ಯಾನು ತೋರಿಸಿದ್ದ. ‘ಚೆನ್ನಾಗಿದೆ ಕಣೋ’ ಎಂದು ಬಾಗಿಲಲ್ಲೇ ನಿಂತು ನೋಡಿ ಹೋಗಿದ್ದರು. ಹತ್ತಿರಲಿಲ್ಲ.

ಮರುದಿನದಿಂದ ಕೇಶವ ಸಂಜೆ ಫ್ಯಾಕ್ಟರಿಯಿಂದ ಬಂದು ವ್ಯಾನಿನ ಕೆಳಗೆ ಮಲಗತೊಡಗಿದ. ಟ್ರ್ಯಾಕ್ಟರಿನ ಭಾಗಗಳನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿ ಅವನು ಎಂಜಿನಿಯರು. ಎಳೆಯುವುದು, ಎಳೆಸಿಕೊಳ್ಳುವುದು ಅವನಿಗೆ ಗೊತ್ತಿದ್ದ ವಿಷಯ. ಟ್ರೇಲರ್ ಎಳೆಯುವ ಕೊಂಡಿಯನ್ನು ಬಂಪರಿಗೆ ಸಿಕ್ಕಿಸಿದರೆ ಸಾಕು ಎಂದಿದ್ದ ಡೀಲರ್. ಕೇಶವ ಒಪ್ಪಲಿಲ್ಲ. ವ್ಯಾನಿನ ಅಡಿಯ ಚೌಕಟ್ಟಿಗೇ ಬೋಲ್ಟು ಹಾಕಿ ಕೂರಿಸಿದ. ಕೊಂಡಿ ಕಳಚಿದರೂ ಟ್ರೇಲರ್ ಓಡಿಹೋಗದಂತೆ ಎರಡು ಸರಪಳಿಗಳನ್ನು ಅಡ್ಡಡ್ಡ ಕಟ್ಟಿದ. ಟ್ರೇಲರಿನ ಹಿಂದಿನ ದೀಪಗಳಿಗೆ ವ್ಯಾನಿನಿಂದ ತಂತಿ ಎಳೆದ. ಟ್ರೇಲರಿಗೆ ಬೇರೆಯೇ ನಂಬರ್ ಪ್ಲೇಟು ಬೇಕೆಂದು ತಮ್ಮನನ್ನು ಕಚೇರಿಗೆ ಅಟ್ಟಿದ. ಹಿಂದೆ ಬರುವ ಗಾಡಿಗಳು ಕಾಣಲೆಂದು ಎರಡೂ ಕಡೆ ಆನೆಕಿವಿಯಂಥ ಕನ್ನಡಿ ಹಾಕಿದ.

ಒಂದು ಭಾನುವಾರ ಬಚ್ಚಲುಮನೆಯ ತೂಕದ ಯಂತ್ರ ತಂದು, ಇಟ್ಟಿಗೆ ಹಲಗೆ ಜೋಡಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲೆ ಇಳಿಸಿದ. ಗಂಗಮ್ಮ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು.

“ಇದೇನೋ, ಗಾಡಿ ಮೂತಿ ತೂಗ್ತಿದೀಯ?”

“ಹೂಂ ಅಮ್ಮ. ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮೂತಿ ಮೇಲಿರ್ಬೇಕು. ಭಾರ ಹಿಂದಕ್ಕೆ ಹೋದ್ರೆ ರಸ್ತೇಲಿ ಬಾಲ ಬೀಸುತ್ತೆ.” ಅವನು ತಮ್ಮನ ಕಡೆ ತಿರುಗಿದ. “ಕೇಳಿಸ್ಕೊಂಡ್ಯಾ? ಭಾರದ ಸಾಮಾನು ಯಾವತ್ತೂ ಮುಂದೆ.”

“ಕೇಳಿಸ್ತು ಮೇಷ್ಟ್ರೇ.”

“ಇನ್ನೊಂದು. ಓಡುವಾಗ ಟ್ರೇಲರ್ ಒಳಗೆ ಯಾರೂ ಇರಬಾರ್ದು. ಕಾನೂನಿದೆ.”

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. “ನಾನು ಅಲ್ಲೇ ಮಲ್ಕೊಂಡು ಬರ್ತೀನಿ ಅಂತಿದ್ನಲ್ಲೋ. ಪುಟ್ಟ ಹೂಂ ಅಂದಿದ್ದ.”

“ಪುಟ್ಟ ಹೇಳಿದ್ರೆ ಆಯ್ತಾ?”

“ಪರದೆ ಎಳ್ಕೊಂಡ್ರೆ ಯಾರಿಗ್ ಕಾಣುತ್ತೆ ಅಣ್ಣ?” ಉಪೇಂದ್ರ ಮೆಲ್ಲಗೆ ಹೇಳಿದ.

“ಕಾಣೋ ಪ್ರಶ್ನೆ ಅಲ್ಲ. ಮಗುಚಿದ್ರೆ?”

“ಬಿಡು ಪುಟ್ಟ” ಎಂದು ಗಂಗಮ್ಮ ಎದ್ದರು. “ನಾನು ಅಲ್ಲಿರೋದು ಅವನಿಗೆ ಇಷ್ಟ ಇಲ್ಲ.”

ಕೊನೆಗೆ ಬಂದದ್ದು ಬ್ರೇಕಿನ ಜಗಳ. ಟ್ರೇಲರಿನ ಚಕ್ರಗಳಿಗೆ ಅದರದೇ ಬ್ರೇಕ್ ಇತ್ತು. ಆದರೆ ಅದಕ್ಕೆ ವ್ಯಾನಿನಿಂದ ಕರೆಂಟು ಕೊಡಬೇಕು, ಡ್ರೈವರನ ಮೊಣಕಾಲ ಹತ್ತಿರ ಒಂದು ಪೆಟ್ಟಿಗೆ, ಅದಕ್ಕೊಂದು ಸಣ್ಣ ಹಿಡಿ ಕೂರಿಸಬೇಕು. ಹಿಡಿ ಒತ್ತಿದರೆ ಟ್ರೇಲರ್ ಮಾತ್ರ ಬ್ರೇಕ್ ಹಿಡಿಯುತ್ತದೆ.

“ಡೀಲರ್ ಹೇಳ್ದ, ವ್ಯಾನ್ ಬ್ರೇಕೇ ಸಾಕು ಅಂತ” ಎಂದ ಉಪೇಂದ್ರ.

“ಡೀಲರ್ ಮಾರಿ ಆಯ್ತು. ನಾವು ಓಡಿಸ್ಬೇಕು.”

“ಕೊಂಡಿ ಆಯ್ತು, ಕನ್ನಡಿ ಆಯ್ತು, ಸರಪಳಿ ಆಯ್ತು. ಅಮ್ಮ ಮಲ್ಕೋಬಾರ್ದು. ಈಗ ಇದೊಂದು. ನಂಗೆ ಗೊತ್ತಾಗಲ್ವಾ ಅಣ್ಣ? ನಿಂಗೆ ಹೊಟ್ಟೆಉರಿ. ಇದು ರಸ್ತೆಗೇ ಇಳೀಬಾರ್ದು ಅಂತ ನಿಂಗೆ.”

ಆ ಮಾತು ಸುಳ್ಳಾಗಿರಲಿಲ್ಲ. ಬ್ರೇಕ್ ಬೇಕೆಂಬುದೂ ಸುಳ್ಳಾಗಿರಲಿಲ್ಲ. ಕೇಶವ ಸ್ಕ್ರೂಡ್ರೈವರ್ ಕೆಳಗಿಟ್ಟ.

ಡ್ಯೂಟಿ ಮುಗಿಸಿ ಬಂದು ಕಾರಿನ ಬಾಗಿಲು ಹಾಕುತ್ತಿದ್ದ ನಿರುಪಮಾ ಅಲ್ಲೇ ನಿಂತಳು. “ಹಾಕ್ಸಿ ಭಾವ. ಹೋದ ವಾರ ಬೋಟ್ ಎಳ್ಕೊಂಡು ಹೋಗ್ತಿದ್ದ ಒಂದು ಫ್ಯಾಮಿಲಿ ನಮ್ಮ ಎಮರ್ಜೆನ್ಸಿಗೆ ಬಂತು. ನಾಲ್ಕು ಜನ ಬಂದ್ರು, ಮೂರು ಜನ ಮನೆಗೆ ಹೋದ್ರು.” ಗಂಡನ ಕಡೆ ನೋಡಿ, “ಬ್ರೇಕ್ ಇಲ್ದೆ ನಾನು ಬರಲ್ಲ” ಎಂದಳು.

ಬ್ರೇಕು ಕೂತಿತು. ಆದರೆ ಅಣ್ಣ ತಮ್ಮಂದಿರ ನಡುವೆ ಮಾತು ಹೋಯಿತು. ಬೇಕಾದದ್ದನ್ನು ಛಾಯಾಳ ಕೈಲಿ ಹೇಳಿ ಕಳಿಸುತ್ತಿದ್ದರು.

ಜುಲೈ ಎರಡನೆಯ ವಾರ ಹೊರಟರು. ಕೇಶವ ಓಡಿಸಿದ. ಟ್ರೇಲರ್ ದಾರದಲ್ಲಿ ಪೋಣಿಸಿದ ಹಾಗೆ ನೆಟ್ಟಗೆ ಹಿಂದೆ ಬಂತು. ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಹೊಗೆ ದಾಟಿ, ಇಂಡಿಯಾನಾ ದಾಟಿ, ಮಧ್ಯಾಹ್ನಕ್ಕೆ ಮಿಶಿಗನ್ನಿನ ಕೆರೆದಂಡೆಯ ಕ್ಯಾಂಪು ಸೇರಿದರು. ಗಂಗಮ್ಮ ಟ್ರೇಲರಿನಲ್ಲಿ ಚಿತ್ರಾನ್ನ ಮಾಡಿದರು. ಇಂದುಮತಿ ಮನೆಯಿಂದ ಮಾಡಿ ತಂದಿದ್ದ ಚಪಾತಿ ಪಲ್ಯದ ಡಬ್ಬಿಯನ್ನು ಯಾರೂ ಬಿಚ್ಚಲಿಲ್ಲ. ಅವಳು ಅದನ್ನು ಹಾಗೇ ಎತ್ತಿಟ್ಟಳು. ನಿರುಪಮಾ ನೋಡಿ, “ಅಕ್ಕಾ, ನಂಗೆ ಚಪಾತಿ ಕೊಡಿ” ಎಂದು ಕೈ ನೀಡಿದಾಗ, “ಪರವಾಗಿಲ್ಲ ಬಿಡು, ಕನಿಕರ ಬೇಡ” ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ಗಂಗಮ್ಮ ಮಗಳು ಪದ್ಮಳಿಗೆ ಫೋನು ಮಾಡಿದರು. ಕ್ಯಾಂಪಿನ ಕಚೇರಿಯ ಹೊರಗಿದ್ದ ನಾಣ್ಯದ ಫೋನು. ಕೇಶವ ನೀರಿನ ಕ್ಯಾನು ಹಿಡಿದು ಪಕ್ಕದಲ್ಲೇ ಹಾದು ಹೋಗುತ್ತಿದ್ದ.

“ಮನೆಗೆ ಮನೇನೇ ಕರ್ಕೊಂಡು ಬರ್ತಿದಾನೆ ಕಣೆ ನಮ್ಮ ಪುಟ್ಟ. ನೋಡಿದ್ರೆ ಕಣ್ಣು ತುಂಬುತ್ತೆ. ಎಲ್ಲಾ ಅವನದೇ ಏರ್ಪಾಟು. ನಿಮ್ಮಪ್ಪ ಇದ್ದಿದ್ರೆ...”

ಕೇಶವ ನಿಲ್ಲಲಿಲ್ಲ. ಕ್ಯಾನು ತುಂಬಿಕೊಂಡು ಬೇರೆ ದಾರಿಯಲ್ಲಿ ವಾಪಸು ಬಂದ.

ಅಷ್ಟರಲ್ಲಿ ಉಪೇಂದ್ರ ರಸ್ತೆಬದಿಯ ತೋಟದಿಂದ ಅಕ್ಕನಿಗೆಂದು ಚೆರ್ರಿ ಹಣ್ಣಿನ ಪೆಟ್ಟಿಗೆಗಳನ್ನೂ ಜೋಳದ ತೆನೆಯ ಮೂಟೆಯನ್ನೂ ತಂದಿದ್ದ. ಟ್ರೇಲರಿನ ಹಿಂಬದಿಯಲ್ಲಿ ಹಾಸಿಗೆಯ ಕೆಳಗೆ ಜಾಗ ಖಾಲಿ ಇತ್ತು. ಎಲ್ಲವನ್ನೂ ಅಲ್ಲಿಗೆ ತುಂಬಿದ. ಹಿಂದುಗಡೆಯೇ ಇದ್ದ ನೀರಿನ ಟ್ಯಾಂಕನ್ನು ಅಮ್ಮನ ಅಡುಗೆಗೆ ಇರಲೆಂದು ಕುತ್ತಿಗೆಯವರೆಗೆ ತುಂಬಿಸಿದ. ಮುಂದಿದ್ದ ಐಸ್‌ಪೆಟ್ಟಿಗೆಯೂ ಕಾಲಿಗೆ ಅಡ್ಡ ಎಂದು ಹಿಂದಕ್ಕೆ ಹೋಯಿತು. ಆಮೇಲೆ ಬಂದು ಅಣ್ಣನ ಮುಂದೆ ಕೈ ಚಾಚಿದ.

“ಕೀ ಕೊಡು. ಇವತ್ತು ನಾನು ಓಡಿಸ್ತೀನಿ. ಅಮ್ಮ ಮುಂದೆ ಕೂತ್ಕೋತಾರಂತೆ.”

“ಹೈವೇನಲ್ಲಿ ನೀನು ಎಳೆದಿಲ್ಲ.”

“ನೋಡು, ಶುರು ಮಾಡ್ದೆ. ಇನ್ನು ಗಾಡಿ ವಿಷಯಕ್ಕೆ ಒಂದು ಮಾತೂ ಆಡ್ಬೇಡ ಅಣ್ಣ. ತಿಂಗಳಿಂದ ಕೇಳಿ ಸಾಕಾಗಿದೆ.”

ಕೇಶವ ಕೀ ಕೊಟ್ಟ. ಅಭ್ಯಾಸಬಲದಿಂದ ಕೊಂಡಿಯ ಹತ್ತಿರ ಹೋಗಿ ನೋಡಿದ. ನಿನ್ನೆ ವ್ಯಾನಿನ ಹಿಂಭಾಗವನ್ನು ಸ್ವಲ್ಪ ಕೆಳಗೆ ಒತ್ತಿದ್ದ ಟ್ರೇಲರಿನ ಮೂತಿ ಇವತ್ತು ಹಗುರಾಗಿ ಮೇಲೆದ್ದಿತ್ತು. ಬಾಲ ಇಳಿದಿತ್ತು. ನೋಡಿದವನಿಗೆ ಎಲ್ಲ ತಿಳಿಯಿತು. ಬಾಯಿ ತೆರೆದ. ಮುಚ್ಚಿದ. ಓಡಿಸಲಿ. ಎರಡು ಮೈಲಿಯೊಳಗೆ ಬಾಲ ಅಲ್ಲಾಡುತ್ತದೆ, ಹೆದರಿ ಪಕ್ಕಕ್ಕೆ ನಿಲ್ಲಿಸುತ್ತಾನೆ, ಅಮ್ಮನ ಎದುರಿಗೇ ಕೀ ವಾಪಸು ಕೊಡುತ್ತಾನೆ.

“ಏನ್ರೀ ನೋಡ್ತಿದೀರಿ?” ಇಂದುಮತಿ ಕೇಳಿದಳು.

“ಏನಿಲ್ಲ. ಹತ್ತು.”

ಎರಡು ಮೈಲಿಯಲ್ಲಿ ಏನೂ ಆಗಲಿಲ್ಲ. ಇಪ್ಪತ್ತು ಮೈಲಿಯಲ್ಲೂ ಆಗಲಿಲ್ಲ. ಉಪೇಂದ್ರ ಹಾಡು ಗುನುಗುತ್ತ ಓಡಿಸಿದ. ಗಂಗಮ್ಮ ಪಕ್ಕದಲ್ಲಿ ಕೂತು ಜಪದ ನಡುವೆ ರಸ್ತೆ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೇಶವ, ಇಂದುಮತಿ, ನಿರುಪಮಾ. ಅವರ ಹಿಂದೆ ಮಡಿಸುವ ಮಂಚದ ಮೇಲೆ ಛಾಯಾ ಕಾಮಿಕ್ಸ್ ಓದುತ್ತ ಮಲಗಿದ್ದಳು. ಒಮ್ಮೆ ಕೇಶವನಿಗೆ ನಿಲ್ಲಿಸು ಎನ್ನಬೇಕೆನಿಸಿತು. ಅದೇ ಹೊತ್ತಿಗೆ ಗಂಗಮ್ಮ, “ಎಷ್ಟು ನಯವಾಗಿ ಓಡಿಸ್ತಾನೆ ನೋಡು” ಎಂದರು. ಅವನು ಕಿಟಕಿಯ ಕಡೆ ತಿರುಗಿದ.

ಕಲಮಜೂ ದಾಟಿದ ಮೇಲೆ ಒಂದು ಇಳಿಜಾರು. ಉಪೇಂದ್ರ ಐವತ್ತೈದಕ್ಕೆ ಏರಿಸಿದ್ದ. ದೊಡ್ಡ ಲಾರಿಯೊಂದು ಎಡಗಡೆಯಿಂದ ಭರ್ರನೆ ಹಾದುಹೋಯಿತು. ಅದರ ಗಾಳಿ ಬಡಿದದ್ದೇ ತಡ, ಟ್ರೇಲರ್ ಒಮ್ಮೆ ಬಲಕ್ಕೆ ವಾಲಿತು. ಆಮೇಲೆ ಎಡಕ್ಕೆ. ಮತ್ತೆ ಬಲಕ್ಕೆ, ಇನ್ನೂ ಅಗಲವಾಗಿ. ವ್ಯಾನಿನ ಹಿಂಭಾಗವನ್ನೇ ಹಿಡಿದು ಯಾರೋ ಜಾಡಿಸಿದಂತಾಯಿತು.

“ಏನಿದು! ಅಣ್ಣಾ!”

ಉಪೇಂದ್ರ ಬ್ರೇಕ್ ತುಳಿದ. ಬೀಸು ಇನ್ನೂ ಜೋರಾಯಿತು. ಮಂಚದಿಂದ ಛಾಯಾ ಉರುಳಿದ ಸದ್ದು, ಅವಳ ಕಿರುಚಾಟ. ಟ್ರೇಲರಿನೊಳಗೆ ಪಾತ್ರೆಗಳು ಒಡೆದಂತೆ ಗಡಗಡ.

“ಕಾಲು ತೆಗಿ! ಬ್ರೇಕ್ ಮುಟ್ಬೇಡ! ಸ್ಟೀರಿಂಗ್ ಬಿಗಿಯಾಗಿ ಹಿಡ್ಕೋ!”

ಕೇಶವ ಎರಡು ಸೀಟುಗಳ ನಡುವೆ ಮೈ ತೂರಿಸಿ, ತಮ್ಮನ ಮೊಣಕಾಲ ಹತ್ತಿರ ಕೈ ಚಾಚಿ ಆ ಸಣ್ಣ ಹಿಡಿಯನ್ನು ಒತ್ತಿದ. ಹಿಂದೆ ಟ್ರೇಲರ್ ಮಾತ್ರ ಬ್ರೇಕ್ ಹಿಡಿಯಿತು. ಹಗ್ಗ ಜಗ್ಗಿದ ಕರುವಿನಂತೆ ಹಿಂದಕ್ಕೆ ಎಳೆಯಿತು. ಬೀಸು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನೆಟ್ಟಗಾಯಿತು. ವ್ಯಾನು ರಸ್ತೆಯ ಅಂಚಿನ ಜಲ್ಲಿಯ ಮೇಲೆ ನಿಂತಿತು.

ಛಾಯಾಳ ಹಣೆ ಕೇಶವ ಕಟ್ಟಿದ ಬೀರುವಿನ ಮೂಲೆಗೆ ಬಡಿದು ಸೀಳಿತ್ತು. ಇಂದುಮತಿ ಸೆರಗಿನಿಂದ ಒತ್ತಿ ಹಿಡಿದಳು. “ಬಿಡಿ ಅಕ್ಕಾ, ನಾನು ನೋಡ್ತೀನಿ” ಎಂದು ನಿರುಪಮಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತನ್ನ ಬ್ಯಾಗಿನಿಂದ ಸಾಮಾನು ತೆಗೆದು ಗಾಯ ತೊಳೆದು ಪಟ್ಟಿ ಹಾಕಿದಳು. “ಮೂಳೆಗೇನೂ ಆಗಿಲ್ಲ. ಡೆಟ್ರಾಯಿಟ್‌ನಲ್ಲಿ ಎರಡು ಹೊಲಿಗೆ ಹಾಕಿದ್ರೆ ಸಾಕು.” ಇಂದುಮತಿ ಅವಳ ಭುಜದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

ಉಪೇಂದ್ರ ಹುಲ್ಲಿನ ಮೇಲೆ ಕೂತಿದ್ದ. ಮುಖ ಬೆಳ್ಳಗಾಗಿತ್ತು. ಟ್ರೇಲರಿನ ಬಾಗಿಲ ಕೆಳಗಿನಿಂದ ಚೆರ್ರಿಯ ಕೆಂಪು ರಸ ತೊಟ್ಟಿಕ್ಕುತ್ತಿತ್ತು.

“ಅಣ್ಣ” ಎಂದ. “ನೀನು ಆ ಬ್ರೇಕ್ ಹಾಕಿಸ್ದೇ ಇದ್ದಿದ್ರೆ... ನಾನು ಏನೇನೋ ಅಂದೆ. ತಪ್ಪಾಯ್ತು.”

ಗಂಗಮ್ಮ ಕೇಶವನ ಎರಡೂ ಕೈ ಹಿಡಿದುಕೊಂಡರು. “ನನ್ನ ಹೊಟ್ಟೇಲಿ ಹುಟ್ಟಿದ ದೇವರು ಕಣೋ ನೀನು. ಇವತ್ತು ಎಲ್ಲರ ಜೀವ ಉಳಿಸ್ದೆ.”

ಒಂದು ತಿಂಗಳಿಂದ ಅವನು ಕಾದಿದ್ದ ಮಾತು. ಕೇಶವ ತಾಯಿಯ ಕೈ ಬಿಡಿಸಿಕೊಂಡು, “ಸಾಮಾನು ಮುಂದಕ್ಕೆ ಹಾಕ್ಬೇಕು” ಎಂದು ಟ್ರೇಲರಿನ ಒಳಗೆ ಹೋದ. ಇಂದುಮತಿ ಅವನನ್ನೇ ನೋಡುತ್ತಿದ್ದಳು.

ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಪದ್ಮಳ ಮನೆಯಲ್ಲಿ ಕತೆ ಬಾಗಿಲಲ್ಲೇ ಶುರುವಾಯಿತು. ಪದ್ಮ ಅಣ್ಣನಿಗೆ ದೃಷ್ಟಿ ನಿವಾಳಿಸಿದಳು. ಅವಳ ಗಂಡ ಕೈ ಕುಲುಕಿದ. ಸಂಜೆ ಬಂದವರಿಗೆಲ್ಲ ಗಂಗಮ್ಮ ಮೊದಲಿನಿಂದ ಹೇಳಿದರು, ಕೇಶವ ಹೇಗೆ ಹಾರಿ ಬಂದ, ಹೇಗೆ ಹಿಡಿ ಒತ್ತಿದ. ಹೇಳುವಾಗಲೆಲ್ಲ ಪುಟ್ಟನ ಹೆಸರು ಬರಲಿಲ್ಲ. ಉಪೇಂದ್ರ ಮೂಲೆಯಲ್ಲಿ ಕೂತು ತಾನೇ ತಲೆಯಾಡಿಸುತ್ತಿದ್ದ. ಕೇಶವ ಕೇಳಿಸಿಕೊಂಡ. ಮೊದಲ ಸಲ ಮೈ ಚುಚ್ಚಿತು. ಮೂರನೆಯ ಸಲ ಹೇಳುವಾಗ ಅಮ್ಮ ಒಂದು ವಿವರ ಬಿಟ್ಟರು. ಅದನ್ನು ಅವನೇ ಸೇರಿಸಿದ.

ಮರುದಿನ ಪದ್ಮಳ ಮನೆಯ ಬೇಸ್‌ಮೆಂಟಿನಲ್ಲಿ ಇಂದುಮತಿ ಚೆರ್ರಿಯ ಕಲೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಕೇಶವ ಮಗಳ ಫ್ರಾಕು ಹಿಡಿದು ಕೆಳಗಿಳಿದ. ಅವಳು ತಿರುಗಲಿಲ್ಲ.

“ಯಾಕೆ ಮಾತಾಡ್ತಿಲ್ಲ?”

“ಕ್ಯಾಂಪಲ್ಲಿ ನೀವು ಕೊಂಡಿ ನೋಡಿದ್ರಿ. ನಾನು ಏನು ಅಂತ ಕೇಳಿದೆ. ಏನಿಲ್ಲ ಅಂದ್ರಿ.”

ಕೇಶವ ಫ್ರಾಕನ್ನು ಬುಟ್ಟಿಯ ಮೇಲಿಟ್ಟ.

“ಗೊತ್ತಿತ್ತು ಅಲ್ವಾ?”

“ಅವನು ಮಾತಾಡ್ಬೇಡ ಅಂದ.”

“ಅವರು ಬೇಡ ಅಂದ್ರೆ ಸುಮ್ನಿರೋ ಜಾತಿನಾ ನೀವು? ತಿಂಗಳೆಲ್ಲಾ ಸುಮ್ನಿದ್ರಾ?” ಅವಳು ಒದ್ದೆ ಬಟ್ಟೆಯನ್ನು ಬುಟ್ಟಿಗೆ ಎಸೆದಳು. “ನಂಗೂ ಹೊಟ್ಟೆಉರಿ ಇತ್ತು ರೀ. ಆ ಒಲೆ ಕೆಟ್ಟುಹೋಗ್ಲಿ ಅಂತ ನಾನೂ ಅಂದ್ಕೊಂಡಿದೀನಿ. ಅಷ್ಟೇ. ನನ್ನ ಮಗು ಒಳಗಿರುವಾಗ ಅಂದ್ಕೊಂಡಿಲ್ಲ.”

“ಸ್ವಲ್ಪ ಅಲ್ಲಾಡುತ್ತೆ, ನಿಲ್ಲಿಸ್ತಾನೆ ಅಂತ...”

“ಅದನ್ನ ನನಗಲ್ಲ ಹೇಳೋದು.”

ಮಧ್ಯಾಹ್ನ ಪದ್ಮ ಹೋಳಿಗೆ ಮಾಡಿದ್ದಳು. ಹಿತ್ತಿಲಿನ ಮರದ ನೆರಳಿನಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಛಾಯಾಳ ಹಣೆಯಲ್ಲಿ ಎರಡು ಹೊಲಿಗೆ, ಅದರ ಮೇಲೆ ಬಿಳಿ ಪಟ್ಟಿ. ಗಂಗಮ್ಮ ತುಪ್ಪದ ಗಿಣ್ಣಲು ಹಿಡಿದು ಬಂದರು.

“ಮೊದಲು ಕೇಶವನಿಗೆ. ಇವತ್ತು ಈ ಹೋಳಿಗೆ ತಿನ್ನೋಕೆ ನಾವಿದೀವಿ ಅಂದ್ರೆ ಅವನಿಂದ.”

“ಬೇಡಮ್ಮ.”

“ಯಾಕೋ?”

“ಭಾರ ಹಿಂದಕ್ಕೆ ಹೋಗಿದ್ದು ನಂಗೆ ಗೊತ್ತಿತ್ತು.” ಕೇಶವ ತಟ್ಟೆಯನ್ನೇ ನೋಡುತ್ತ ಹೇಳಿದ. “ಹೊರಡೋಕೆ ಮುಂಚೆ ನೋಡ್ದೆ. ಬಾಲ ಬೀಸುತ್ತೆ ಅಂತ ಗೊತ್ತಿತ್ತು. ಹೇಳ್ಲಿಲ್ಲ.”

“ಮರ್ತಿದ್ಯೇನೋ, ಗಡಿಬಿಡೀಲಿ” ಎಂದರು ಗಂಗಮ್ಮ.

“ಮರೀಲಿಲ್ಲ. ಅವನು ಓಡಿಸೋಕಾಗ್ದೆ ನಿಲ್ಲಿಸ್ಲಿ ಅಂತ ಇದ್ದೆ. ನೀವು ನೋಡ್ಲಿ ಅಂತ.”

ಪದ್ಮ ಕೈಯಲ್ಲಿದ್ದ ತಟ್ಟೆಯನ್ನು ಚಾಪೆಯ ಮೇಲಿಟ್ಟಳು. ಗಂಗಮ್ಮನ ಚಮಚೆಯಿಂದ ತುಪ್ಪ ತೊಟ್ಟಿಕ್ಕಿತು. ಅವರು ಮಗನ ಹೋಳಿಗೆಯ ಮೇಲೆ ತುಪ್ಪ ಹಾಕಿದರು. ತಿನ್ನು ಎನ್ನಲಿಲ್ಲ. ಮುಂದಿನ ತಟ್ಟೆಗೆ ಹೋದರು.

ಉಪೇಂದ್ರ ಎದ್ದು, ಕೈ ತೊಳೆದು, ಮನೆಯ ಮುಂದೆ ಹೋದ. ಒಂದು ಗಳಿಗೆ ಬಿಟ್ಟು ಕೇಶವನೂ ಹೋದ. ಟ್ರೇಲರಿನ ಹತ್ತಿರ ತಮ್ಮ ಬೆನ್ನು ತಿರುಗಿಸಿ ನಿಂತಿದ್ದ.

“ಏನಾದ್ರೂ ಅನ್ನೋ. ಹೊಡಿ ಬೇಕಾದ್ರೆ.”

“ಏನನ್ಲಿ? ಹೊಟ್ಟೆಉರಿ ಅಂತ ನಾನೇ ಅಂದಿದ್ದೆ. ಆದ್ರೆ ಅದನ್ನ ನಾನೂ ನಂಬಿರ್ಲಿಲ್ಲ ಅಣ್ಣ. ಬಾಯಿಗೆ ಬಂತು, ಅಂದೆ.” ಜೇಬಿನಿಂದ ವ್ಯಾನಿನ ಕೀ ತೆಗೆದು ಅಣ್ಣನ ಕೈಯಲ್ಲಿಟ್ಟ. “ವಾಪಸು ಹೋಗ್ತಾ ನೀನೇ ಓಡ್ಸು. ನೀನು ಓಡಿಸುವಾಗ ಹಿಂದೆ ಕೂರೋಕೆ ನಂಗೆ ಹೆದರಿಕೆ ಇಲ್ಲ. ನಾನು ಓಡಿಸುವಾಗ ನೀನು ಹಿಂದೆ ಕೂತಿರ್ತೀಯಲ್ಲ, ಅದಕ್ಕೆ ಹೆದರಿಕೆ.”

ಭಾನುವಾರ ಹೊರಟರು. ಇಂದುಮತಿ ಮಗಳನ್ನು ಕೂಡಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ಉಪೇಂದ್ರ, ನಿರುಪಮಾ, ನಡುವೆ ಗಂಗಮ್ಮ. ಸಾಮಾನನ್ನು ಉಪೇಂದ್ರ ತಾನೇ ಜೋಡಿಸಿದ್ದ. ಟ್ಯಾಂಕು ಖಾಲಿ ಮಾಡಿದ್ದ. ಸುತ್ತ ಒಂದು ಸಲ ಬಂದು ಸರಪಳಿ, ದೀಪ, ಚಕ್ರ ಎಲ್ಲ ಮುಟ್ಟಿ ನೋಡಿದ. ಅಣ್ಣನನ್ನು ಏನೂ ಕೇಳಲಿಲ್ಲ.

ಊರು ದಾಟಿದ ಮೇಲೆ ಕೇಶವ ಹೇಳಿದ: “ಗಾಳಿ ಇದೆ. ಎಡಗಡೆಯಿಂದ ಬರ್ತಿದೆ.”

ಯಾರಿಗೆ ಹೇಳಿದ್ದೆಂದು ಯಾರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ಉಪೇಂದ್ರ, “ಹೂಂ” ಎಂದ.

“ಹಿಂದೆ ಲಾರಿ ಬರ್ತಿದೆ. ನಲವತ್ತೈದಕ್ಕೆ ಇಳಿಸ್ತೀನಿ.”

“ಹೂಂ.”

“ಬಲಗಡೆ ಟೈರು ಸ್ವಲ್ಪ ಬಿಸಿ ಇರ್ಬಹುದು. ಮುಂದಿನ ಎಕ್ಸಿಟ್‌ನಲ್ಲಿ ನೋಡ್ತೀನಿ.”

“ಹೂಂ.”

ಹಾಗೇ ಸಾಗಿತು. ಕಂಡದ್ದನ್ನೆಲ್ಲ ಕೇಶವ ಹೇಳಿದ. ಇಳಿಜಾರು, ಸೇತುವೆ, ಎದುರಿನ ಮೋಡ, ಕೊಂಡಿಯಲ್ಲಿ ಕೇಳಿದ ಕಿರ್ ಎಂಬ ಸದ್ದು. ಬ್ಯಾಟಲ್ ಕ್ರೀಕ್ ಹತ್ತಿರ ಇಂದುಮತಿ ಬೆಳಿಗ್ಗೆ ಹೊಸದಾಗಿ ಮಾಡಿ ತುಂಬಿಕೊಂಡಿದ್ದ ತನ್ನ ಡಬ್ಬಿ ಬಿಚ್ಚಿ ಎಲ್ಲರಿಗೂ ಚಪಾತಿ ಸುರುಳಿ ಮಾಡಿ ಕೊಟ್ಟಳು. ಗಂಗಮ್ಮ ತಮ್ಮ ಪಾಲನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡಿದರು. ಪ್ರಯಾಣದಲ್ಲಿ ಮಡಿ ಇಲ್ಲ ಎಂದು ತಮಗೇ ಹೇಳಿಕೊಂಡು ತಿಂದರು. ಕೇಶವನ ಜೊತೆ ಅವರು ಒಂದು ಮಾತೂ ಆಡಿರಲಿಲ್ಲ.

ಮಿಶಿಗನ್ ಸಿಟಿಯ ಹತ್ತಿರ ರಸ್ತೆ ತುಂಬಿತು. “ಮುಂದೆ ಗಾಡಿಗಳು ನಿಲ್ತಿವೆ” ಎಂದ ಕೇಶವ. ಹಿಂದಿನಿಂದ ‘ಹೂಂ’ ಬರಲಿಲ್ಲ.

ಕನ್ನಡಿಯಲ್ಲಿ ನೋಡಿದ. ಉಪೇಂದ್ರ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ, ಬಾಯಿ ತೆರೆದುಕೊಂಡು. ಗಾಜಿಗೆ ತಲೆ ಬಡಿಯುತ್ತಿತ್ತು. ಗಂಗಮ್ಮ ತಮ್ಮ ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ, ಅವನ ತಲೆಯನ್ನು ಮೆಲ್ಲನೆ ಎತ್ತಿ, ಅದರಡಿಗೆ ಇಟ್ಟರು. ಅವನ ಕೂದಲು ಸರಿಮಾಡಿದರು.

ಕೇಶವ ಅದನ್ನೂ ನೋಡಿದ. ಎದೆಯೊಳಗೆ ಎಲ್ಲೋ ಒಂದು ಕಡೆ ಚುರುಕ್ ಎಂದಿತು. ಅವನು ಕನ್ನಡಿಯಿಂದ ಕಣ್ಣು ಕಿತ್ತು ರಸ್ತೆಯ ಮೇಲಿಟ್ಟ.

“ಲಾರಿ ಬರ್ತಿದೆ” ಎಂದ, ತಮ್ಮನಿಗೆ ಎಚ್ಚರವಾಗದಷ್ಟು ಮೆಲ್ಲಗೆ.